ಪ್ಲಾಸ್ಟಿಕ್ಕಿನ ಹದ

ಗಟ್ಟಿಯಾದುದನ್ನು ಹದಗೊಳಿಸಿ ಬಳಸುವ ವಿದ್ಯೆ ಮನುಷ್ಯನಿಗೆ ಬಹು ಹಿಂದಿನಿಂದಲೂ ತಿಳಿದಿದೆ. ಕುಂಬಾರನು ಜೇಡಿಮಣ್ಣಿಗೆ ನೀರು ಬೆರೆಸಿ ತುಳಿದು, ಅದು ಕೈಯ ಇಚ್ಛೆಗೆ ಬಾಗುವಂತೆ ಮಾಡುತ್ತಾನೆ. ತೊಗಲಿನ ಕೆಲಸಗಾರನು ಚರ್ಮಕ್ಕೆ ಎಣ್ಣೆಯುಣಿಸಿ ಮಿದುವಾಗಿಸುತ್ತಾನೆ. ತಾಳೆಯೋಲೆಯ ಗ್ರಂಥಗಳನ್ನು ಕಾಪಾಡುವವರು ಓಲೆಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುತ್ತಾರೆ. ಒಣಗಿದ ಓಲೆ ಮುರಿದರೆ ಅದರಲ್ಲಿ ಬರೆದ ಕಾವ್ಯವೂ ಮುರಿದಂತೆಯೇ ಸರಿ. ಈ ಮೂರು ಕೆಲಸಗಳಲ್ಲಿಯೂ ಇರುವ ತತ್ತ್ವ ಒಂದೇ. ಹೊರಗಿನಿಂದ ಬಂದ ದ್ರವ್ಯವೊಂದು ವಸ್ತುವಿನ ಕಣಗಳ ನಡುವೆ ಸೇರಿಕೊಂಡು ಅವುಗಳ ಬಿಗಿಯನ್ನು ಸಡಿಲಿಸುತ್ತದೆ. ಮೂರರಲ್ಲಿಯೂ ಇರುವ ತೊಡಕೂ ಒಂದೇ. ಬಂದ ದ್ರವ್ಯ ಅಲ್ಲಿಯೇ ನಿಲ್ಲುವುದಿಲ್ಲ. ನೀರು ಆರುತ್ತದೆ, ಎಣ್ಣೆ ಬತ್ತುತ್ತದೆ. ಮಣ್ಣು ಮತ್ತೆ ಗಡಸಾಗುತ್ತದೆ, ಚರ್ಮ ಸೆಟೆದುಕೊಳ್ಳುತ್ತದೆ. ಇಂದು ನಮ್ಮ ಬಾಳನ್ನು ಸುತ್ತುವರಿದಿರುವ ಪ್ಲಾಸ್ಟಿಕ್ಕಿನಲ್ಲಿಯೂ ಇದೇ ತತ್ತ್ವ ಮತ್ತು ಇದೇ ತೊಡಕು ಇವೆ. ಆದರೆ ಅಲ್ಲಿಂದ ಹೊರಬಿದ್ದ ದ್ರವ್ಯ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದುದು.

ಪ್ಲಾಸ್ಟಿಕ್ಕಿನ ಚರಿತ್ರೆಯ ಮೊದಲ ಪುಟದಲ್ಲಿಯೇ ಈ ತೊಡಕು ಕಾಣಿಸಿಕೊಂಡಿತು. ೧೮೬೨ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಪ್ರದರ್ಶನದಲ್ಲಿ ಅಲೆಗ್ಸಾಂಡರ್ ಪಾರ್ಕ್ಸ್ ಎಂಬಾತ, ಹತ್ತಿಯ ನಾರಿನಿಂದ ತಯಾರಾದ ಸೆಲ್ಯುಲೋಸ್ ನೈಟ್ರೇಟಿನ ವಸ್ತುಗಳನ್ನು ಜನರ ಮುಂದಿಟ್ಟನು. ಅದನ್ನು ಹದಗೊಳಿಸಲು ಅವನು ಬಳಸಿದ ದ್ರವ್ಯಗಳಲ್ಲಿ ನಮ್ಮ ಮನೆಗಳಿಗೆ ಚಿರಪರಿಚಿತವಾದ ಹರಳೆಣ್ಣೆ, ಕರ್ಪೂರಗಳು ಇದ್ದವು. ೧೮೭೦ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಕರ್ಪೂರವನ್ನೇ ಮುಖ್ಯವಾಗಿ ಬಳಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಹೀಗೆ ಹುಟ್ಟಿದ ಸೆಲ್ಯುಲಾಯ್ಡಿನಿಂದ ಬಾಚಣಿಗೆಗಳು, ಬೊಂಬೆಗಳು, ಮುಂದೆ ಚಲನಚಿತ್ರದ ಸುರುಳಿಗಳು ತಯಾರಾದವು. ಆದರೆ ಕರ್ಪೂರವನ್ನು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ನೀವು ಬಲ್ಲಿರಿ. ವರ್ಷಗಳು ಉರುಳಿದಂತೆ ಸುರುಳಿಗಳೊಳಗಿನ ಕರ್ಪೂರ ಮೆಲ್ಲಮೆಲ್ಲನೆ ಹಾರಿಹೋಯಿತು. ಸುರುಳಿಗಳು ಕುಗ್ಗಿ ಪೆಡಸಾದವು.

ಇನ್ನು ಪಿ.ವಿ.ಸಿ.ಯ ಕಡೆಗೆ ಬರೋಣ. ಇದರ ಪೂರ್ಣ ಹೆಸರು ಪಾಲಿವಿನೈಲ್ ಕ್ಲೋರೈಡ್. ತೂಕದಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಭಾಗ, ಎಂದರೆ ಸುಮಾರು ಶೇಕಡ ೫೭ರಷ್ಟು, ಕ್ಲೋರಿನ್ ಆಗಿದೆ. ಆ ಕ್ಲೋರಿನ್ ನಮಗೆ ಅಡಿಗೆಯ ಉಪ್ಪಿನಿಂದಲೇ ದೊರೆಯುತ್ತದೆ. ೧೮೭೨ರಲ್ಲಿ ಜರ್ಮನಿಯ ಓಯ್ಗೆನ್ ಬೌಮನ್ ಎಂಬ ರಸಾಯನಶಾಸ್ತ್ರಜ್ಞನು ಬಿಸಿಲಿಗೊಡ್ಡಿದ ನಳಿಕೆಯೊಳಗೆ ವಿನೈಲ್ ಕ್ಲೋರೈಡ್ ಅನಿಲವು ಬಿಳಿಯ ಘನವಸ್ತುವಾಗಿ ಮಾರ್ಪಟ್ಟಿರುವುದನ್ನು ಕಂಡನು. ಆ ವಸ್ತು ಬಿರುಸಾದುದು, ಬಾಗಿಸಿದರೆ ಮುರಿಯುವಂಥದು, ಕರಗಿಸಲು ಕಾಯಿಸಿದರೆ ಆಮ್ಲದ ಹೊಗೆಯುಗುಳುತ್ತ ಕೆಟ್ಟುಹೋಗುವಂಥದು. ಆದ್ದರಿಂದ ಸುಮಾರು ಅರ್ಧ ಶತಮಾನದ ಕಾಲ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

೧೯೨೬ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ, ಗುಡ್‌ರಿಚ್ ಎಂಬ ರಬ್ಬರ್ ಕಾರ್ಖಾನೆಯಲ್ಲಿ ವಾಲ್ಡೋ ಸೆಮನ್ ಎಂಬ ತರುಣ ವಿಜ್ಞಾನಿ ಕೆಲಸ ಮಾಡುತ್ತಿದ್ದನು. ರಬ್ಬರನ್ನು ಲೋಹಕ್ಕೆ ಅಂಟಿಸುವ ಒಳ್ಳೆಯ ಅಂಟೊಂದನ್ನು ಕಂಡುಹಿಡಿಯುವುದು ಅವನಿಗೆ ವಹಿಸಿದ್ದ ಕಾರ್ಯ. ಅದಕ್ಕಾಗಿ ಅವನು ಪಿ.ವಿ.ಸಿ.ಯನ್ನು ಸುಲಭವಾಗಿ ಆವಿಯಾಗದ ಒಂದು ದ್ರವದಲ್ಲಿ ಹಾಕಿ ಕಾಯಿಸಿದನು. ಆರಿದ ಮೇಲೆ ನೋಡಿದರೆ, ದೊರೆತದ್ದು ಅಂಟಲ್ಲ. ಬಾಗಿಸಿದರೆ ಬಾಗುವ, ಹಿಗ್ಗಿಸಿದರೆ ಹಿಗ್ಗುವ, ಬಿಟ್ಟರೆ ಮತ್ತೆ ಮೊದಲಿನಂತಾಗುವ ಮೆತ್ತನೆಯ ಒಂದು ವಸ್ತು. ನೀರು ಅದರೊಳಗೆ ಇಳಿಯುತ್ತಿರಲಿಲ್ಲ. ವಿದ್ಯುತ್ತು ಅದನ್ನು ದಾಟುತ್ತಿರಲಿಲ್ಲ. ೧೯೩೩ರಲ್ಲಿ ಅವನಿಗೆ ಇದರ ಹಕ್ಕುಪತ್ರ ದೊರೆಯಿತು. ನೂರು ವರ್ಷ ತುಂಬಿದ ಬಾಳನ್ನು ಬಾಳಿ ೧೯೯೯ರಲ್ಲಿ ತೀರಿಕೊಳ್ಳುವ ಹೊತ್ತಿಗೆ, ತನ್ನ ಪ್ರಯೋಗದ ಫಲವು ಲೋಕದ ಮೂಲೆಮೂಲೆಗೂ ಹರಡಿದ್ದನ್ನು ಅವನು ಕಂಡಿದ್ದನು.

ಆ ದ್ರವ ಮಾಡಿದ ಕೆಲಸವೇನು? ಬೇಯಿಸಿದ ಶಾವಿಗೆ ತಣ್ಣಗಾದಾಗ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುವುದನ್ನೂ, ಸ್ವಲ್ಪ ಎಣ್ಣೆ ಬೆರೆಸಿದರೆ ಎಳೆ ಎಳೆಯಾಗಿ ಜಾರುವುದನ್ನೂ ನೀವು ನೋಡಿರಬಹುದು. ಪಿ.ವಿ.ಸಿ.ಯ ಅಣುಗಳೂ ಹಾಗೆಯೇ ಉದ್ದವಾದ ಸರಪಳಿಗಳು. ಅವುಗಳಲ್ಲಿರುವ ಕ್ಲೋರಿನ್ನಿನ ಕಾರಣದಿಂದ ಒಂದು ಸರಪಳಿ ಮತ್ತೊಂದನ್ನು ಬಲವಾಗಿ ಸೆಳೆಯುತ್ತದೆ. ಸುಮಾರು ೮೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸುವವರೆಗೆ ಅವು ಅಲುಗಾಡವು. ತಕ್ಕ ದ್ರವವೊಂದು ನಡುವೆ ನುಸುಳಿದರೆ ಸೆಳೆತ ಸಡಿಲವಾಗಿ, ಸಾಮಾನ್ಯ ಉಷ್ಣತೆಯಲ್ಲಿಯೇ ಸರಪಳಿಗಳು ಜಾರಾಡಲು ತೊಡಗುತ್ತವೆ. ಹೀಗೆ ಮಾಡುವ ದ್ರವ್ಯಕ್ಕೆ ಪ್ಲಾಸ್ಟಿಸೈಜರ್ ಎಂದು ಹೆಸರು. ನಾವು ಅದನ್ನು ಮೃದುಕಾರಿ ಎಂದು ಕರೆಯೋಣ. ಹೊಲಕ್ಕೆ ನೀರು ಹಾಯಿಸುವ ಗಡಸು ಕೊಳವೆಯೂ, ವಿದ್ಯುತ್ ತಂತಿಯ ಮೇಲಿನ ಮೆತ್ತನೆಯ ಹೊದಿಕೆಯೂ ಒಂದೇ ಪಿ.ವಿ.ಸಿ.ಯಿಂದ ಆದವು. ಮೊದಲನೆಯದರಲ್ಲಿ ಮೃದುಕಾರಿ ಇಲ್ಲ. ಎರಡನೆಯದರಲ್ಲಿ ಧಾರಾಳವಾಗಿ ಇದೆ. ಬಹಳ ಮೆತ್ತನೆಯ ಸಾಮಾನುಗಳಲ್ಲಿ ತೂಕದ ಮೂರನೆಯ ಒಂದು ಭಾಗ ಮೃದುಕಾರಿಯೇ ಆಗಿರುವುದುಂಟು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಮೃದುಕಾರಿಯು ಪಿ.ವಿ.ಸಿ.ಯೊಡನೆ ರಾಸಾಯನಿಕವಾಗಿ ಕೂಡಿಕೊಂಡಿರುವುದಿಲ್ಲ. ಛತ್ರದಲ್ಲಿ ತಂಗಿದ ಪ್ರವಾಸಿಯಂತೆ ಅದು ಅಲ್ಲಿರುತ್ತದೆ, ಅಷ್ಟೆ. ಸಂದರ್ಭ ಒದಗಿದರೆ ಹೊರಟುಬಿಡುತ್ತದೆ. ಹಳೆಯ ಮಳೆಯಂಗಿ ಕೆಲವು ವರ್ಷಗಳಲ್ಲಿ ಸೆಟೆದು ಮಡಿಕೆಗಳಲ್ಲಿ ಬಿರಿಯುವುದಕ್ಕೆ ಇದೂ ಒಂದು ಕಾರಣ. ನೀವು ಬಳಸುವ ಅಳಿಸುವ ರಬ್ಬರುಗಳಲ್ಲಿ ಅನೇಕವು ನಿಜವಾಗಿ ಮೆತ್ತನೆಯ ಪಿ.ವಿ.ಸಿ. ಅಂಥದೊಂದನ್ನು ಪ್ಲಾಸ್ಟಿಕ್ ಅಳತೆಪಟ್ಟಿಗೆ ತಾಗಿಸಿ ಬೇಸಗೆಯ ರಜೆಯುದ್ದಕ್ಕೂ ಪೆಟ್ಟಿಗೆಯಲ್ಲಿಟ್ಟರೆ, ತೆಗೆಯುವಾಗ ಎರಡೂ ಅಂಟಿಕೊಂಡು ಪಟ್ಟಿಯ ಮೇಲೆ ಕಲೆ ಬಿದ್ದಿರುತ್ತದೆ. ರಬ್ಬರಿನಿಂದ ಹೊರಟ ಮೃದುಕಾರಿಯು ಪಟ್ಟಿಯೊಳಕ್ಕೆ ಇಳಿದು ಅದನ್ನು ಕರಗಿಸಿದ ಗುರುತು ಅದು. ಯಾವ ಪ್ರಯೋಗಶಾಲೆಯೂ ಇಲ್ಲದೆ ಮೃದುಕಾರಿಯ ಸಂಚಾರವನ್ನು ನೀವು ಹೀಗೆ ಕಣ್ಣಾರೆ ಕಾಣಬಹುದು.

ಅಳತೆಪಟ್ಟಿ ಹಾಳಾದರೆ ದೊಡ್ಡ ನಷ್ಟವಿಲ್ಲ. ಆದರೆ ಮೃದುಕಾರಿ ರಕ್ತದೊಳಕ್ಕೆ ಸಂಚರಿಸಿದರೆ? ಹಿಂದೆ ದಾನಿಗಳ ರಕ್ತವನ್ನು ಗಾಜಿನ ಸೀಸೆಗಳಲ್ಲಿ ಇಡುತ್ತಿದ್ದರು. ಸೀಸೆಗಳು ಒಡೆಯುತ್ತಿದ್ದವು, ಗಾಳಿಯ ಗುಳ್ಳೆಗಳ ಭಯವೂ ಇತ್ತು. ೧೯೫೦ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯ ಕಾರ್ಲ್ ವಾಲ್ಟರ್ ಮತ್ತು ಅವನ ಸಂಗಡಿಗರು ಮೆತ್ತನೆಯ ಪಿ.ವಿ.ಸಿ. ಚೀಲವನ್ನು ಬಳಕೆಗೆ ತಂದರು. ಅದು ಒಡೆಯದು; ಮಡಿಸಿದರೆ ಮಡಿಯುವುದು; ಜೋಡಿಸಿದ ಚೀಲಗಳಲ್ಲಿ ರಕ್ತದ ಅಂಶಗಳನ್ನು ಬೇರೆ ಬೇರೆ ಮಾಡಲು ಅನುಕೂಲವಾದುದು. ಮುಂದೆ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯ ವಿಜ್ಞಾನಿಗಳು ಇಂಥ ಚೀಲದ ತಯಾರಿಕೆಯನ್ನು ನಮ್ಮ ದೇಶದಲ್ಲಿಯೇ ರೂಪಿಸಿದರು. ಈ ಚೀಲಗಳು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ.

ಈ ಚೀಲಗಳನ್ನು ಮೆತ್ತಗಾಗಿಸಿದ ಮೃದುಕಾರಿ ಥ್ಯಾಲೇಟ್ ಎಂಬ ವರ್ಗಕ್ಕೆ ಸೇರಿದ್ದು, ಡಿ.ಇ.ಎಚ್.ಪಿ. ಎಂಬುದು ಅದರ ಸಂಕ್ಷಿಪ್ತ ನಾಮ. ೧೯೭೦ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಗರ್ ಮತ್ತು ರೂಬಿನ್ ಎಂಬ ಇಬ್ಬರು ವಿಜ್ಞಾನಿಗಳು, ಅದು ಚೀಲದಿಂದ ರಕ್ತಕ್ಕೆ ಇಳಿಯುತ್ತದೆಂಬುದನ್ನೂ, ರಕ್ತ ಪಡೆದ ರೋಗಿಗಳ ಅಂಗಾಂಶಗಳಲ್ಲಿ ಸೇರಿಕೊಂಡಿರುತ್ತದೆಂಬುದನ್ನೂ ತೋರಿಸಿಕೊಟ್ಟರು. ಈ ದ್ರವ್ಯ ನೀರಿನಲ್ಲಿ ಕರಗಲೊಲ್ಲದು, ಕೊಬ್ಬಿನಲ್ಲಿ ಕರಗುತ್ತದೆ. ರಕ್ತದಲ್ಲಿರುವ ಕೊಬ್ಬು ಅದನ್ನು ಸೆಳೆದುಕೊಳ್ಳುತ್ತದೆ. ಇಲ್ಲಿ ಒಂದು ವಿಚಿತ್ರವೂ ಉಂಟು. ಹಾಗೆ ಇಳಿದ ಡಿ.ಇ.ಎಚ್.ಪಿ. ಕೆಂಪು ರಕ್ತಕಣಗಳ ಪೊರೆಗೆ ಬಲಕೊಟ್ಟು, ಸಂಗ್ರಹದಲ್ಲಿ ಅವು ಬೇಗ ಒಡೆಯದಂತೆ ಕಾಯುತ್ತದೆ. ಈ ಉಪಕಾರದ ಕಾರಣದಿಂದ, ರಕ್ತದ ಚೀಲಗಳಿಂದ ಅದನ್ನು ಹೊರದೂಡುವುದು ಬೇರೆ ಸಾಮಾನುಗಳಿಂದ ಹೊರದೂಡಿದಷ್ಟು ಸುಲಭವಾಗಲಿಲ್ಲ.

ಮುಂದೆ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಇಂಥ ಕೆಲವು ಥ್ಯಾಲೇಟುಗಳು ಗಂಡುಮರಿಗಳ ಜನನಾಂಗದ ಬೆಳವಣಿಗೆಯನ್ನು ಕುಂದಿಸುವುದು ಕಂಡುಬಂದಿತು. ಇಲಿಯ ಮೇಲಿನ ಪರಿಣಾಮವೆಲ್ಲ ಮನುಷ್ಯನಿಗೂ ಹಾಗೆಯೇ ಅನ್ವಯಿಸುತ್ತದೆಂದು ಹೇಳಲಾಗದು. ದೇಹಕ್ಕೆ ಸೇರುವ ಪ್ರಮಾಣ ಎಷ್ಟು ಎಂಬುದೂ ಮುಖ್ಯ. ಆದರೆ ಅವಧಿಗೆ ಮುನ್ನ ಹುಟ್ಟಿದ ಹಸುಗೂಸು ಆಸ್ಪತ್ರೆಯಲ್ಲಿ ಹಲವು ಮೆತ್ತನೆಯ ನಳಿಕೆಗಳ ಮೂಲಕ ಆಹಾರ, ಔಷಧ, ರಕ್ತಗಳನ್ನು ಪಡೆಯುತ್ತದೆ. ಅದರ ಪುಟ್ಟ ದೇಹಕ್ಕೆ ಸ್ವಲ್ಪವೂ ಹೆಚ್ಚೇ. ಆದ್ದರಿಂದ ಇಂಥ ಗಂಡುಶಿಶುಗಳ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕೆಂದು ೨೦೦೨ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ವೈದ್ಯರಿಗೆ ತಿಳಿಸಿದರು. ಎಳೆಯ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟು ಚೀಪುವುದು ಸಹಜವಷ್ಟೆ. ಚೀಪುವ ಆಟಿಕೆಗಳಲ್ಲಿ ಕೆಲವು ಥ್ಯಾಲೇಟುಗಳನ್ನು ಯೂರೋಪಿನ ಒಕ್ಕೂಟ ೧೯೯೯ರಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿ, ೨೦೦೫ರಲ್ಲಿ ಶಾಶ್ವತವಾದ ಕಟ್ಟಳೆಯನ್ನು ಮಾಡಿತು. ೨೦೦೮ರಲ್ಲಿ ಅಮೆರಿಕವೂ ಅಂಥ ಕಾನೂನನ್ನು ತಂದಿತು. ನಮ್ಮ ದೇಶದಲ್ಲಿ, ಕುಶಲಕರ್ಮಿಗಳ ಕೈಕೆಲಸದ ಆಟಿಕೆಗಳಂಥ ಕೆಲವನ್ನು ಬಿಟ್ಟರೆ, ೨೦೨೧ರ ಜನವರಿ ೧ರಿಂದ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದಕ್ಕಾಗಿ ಪಾಲಿಸಬೇಕಾದ ಮಾನಕಗಳಲ್ಲಿ ಥ್ಯಾಲೇಟುಗಳನ್ನು ಕುರಿತ ಭಾಗವೂ ಸೇರಿದೆ.

ಬೇಡವೆನ್ನುವುದು ಕಾನೂನಿನ ಕೆಲಸ; ಅದರ ಬದಲು ಬೇಕಾದುದನ್ನು ಒದಗಿಸುವುದು ವಿಜ್ಞಾನದ ಕೆಲಸ. ಒಳ್ಳೆಯ ಮೃದುಕಾರಿಯಲ್ಲಿ ನಾವು ಬಯಸುವ ಗುಣಗಳು ಎರಡು. ಬಳಸುವಷ್ಟು ಕಾಲವೂ ಅದು ಇದ್ದ ಎಡೆಯಲ್ಲಿಯೇ ಇರಬೇಕು. ಒಂದು ವೇಳೆ ಹೊರಬಿದ್ದರೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಕೊಂಡು ಕೇಡಿಲ್ಲದಂತೆ ಮುಗಿಸಬೇಕು. ಇರುವಾಗ ಸ್ಥಿರವಾಗಿರಬೇಕು, ಹೋಗುವಾಗ ನಿಶ್ಶೇಷವಾಗಿ ಹೋಗಬೇಕು. ಈ ಎರಡು ಗುಣಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸುವುದು ಹೇಗೆ? ವಿಜ್ಞಾನಿಗಳ ಗಮನ ಪಾಲಿಯೆಸ್ಟರ್ ಎಂಬ ವರ್ಗದ ಕಡೆಗೆ ಹರಿದದ್ದು ಈ ಪ್ರಶ್ನೆಯಿಂದ.

ಪಾಲಿಯೆಸ್ಟರ್ ಎಂದೊಡನೆ ನಿಮಗೆ ಟೆರಿಲೀನ್ ಬಟ್ಟೆಯ ನೆನಪಾಗಬಹುದು. ಅದು ಆ ಕುಲದ ಗಡಸು ಸದಸ್ಯ. ಅದರ ಸರಪಳಿಯಲ್ಲಿ ಬೆಂಜೀನಿನ ಬಳೆಗಳಿರುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ಸುಲಭದ ತುತ್ತಲ್ಲ. ಅಂಥ ಬಳೆಗಳಿಲ್ಲದ ಮೆತ್ತನೆಯ ಪಾಲಿಯೆಸ್ಟರುಗಳೂ ಇವೆ. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ವ್ಯಾಲೇಸ್ ಕರಾದರ್ಸ್ ಮತ್ತು ಅವನ ಸಹೋದ್ಯೋಗಿಗಳು ೧೯೩೦ರ ದಶಕದ ಮೊದಲಲ್ಲಿ ಇಂಥವನ್ನು ತಯಾರಿಸಿದರು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬುದು ಅವುಗಳಲ್ಲೊಂದು. ಅವರಿಗೆ ಬೇಕಾಗಿದ್ದುದು ಬಟ್ಟೆ ನೇಯುವ ದಾರ. ಇವಾದರೋ ಸ್ವಲ್ಪ ಬಿಸಿಗೇ ಕರಗುತ್ತಿದ್ದವು. ನೀರು ತಾಗಿದರೆ ಕಾಲಕ್ರಮದಲ್ಲಿ ತುಂಡಾಗುತ್ತಿದ್ದವು. ಕರಾದರ್ಸ್ ಅವನ್ನು ಬದಿಗಿಟ್ಟು ಬೇರೆ ದಾರಿ ಹಿಡಿದನು. ೧೯೩೫ರಲ್ಲಿ ನೈಲಾನ್ ಹುಟ್ಟಿತು. ಅಂದು ದೋಷವೆನಿಸಿದ ಅದೇ ಸ್ವಭಾವ ಮುಂದೆ ಗುಣವೆನಿಸಿತು. ೧೯೬೯ರಲ್ಲಿ ಕೊಲೆಸ್ಕಿ, ಲುಂಡ್‌ಬರ್ಗ್ ಎಂಬವರು ಪಾಲಿಕ್ಯಾಪ್ರೊಲ್ಯಾಕ್ಟೋನ್ ಪಿ.ವಿ.ಸಿ.ಯೊಡನೆ ಹಾಲು ನೀರಿನಂತೆ ಬೆರೆಯುವುದೆಂದು ತೋರಿಸಿದರು. ೧೯೭೭ರಲ್ಲಿ ಜಪಾನಿನ ಟೋಕಿವಾ ಮತ್ತು ಸುಜುಕಿ, ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವಗಳು ಇಂಥ ಪಾಲಿಯೆಸ್ಟರುಗಳನ್ನೂ ಒಡೆಯಬಲ್ಲವೆಂದು ತೋರಿಸಿದರು. ಇದರಲ್ಲಿ ಅಚ್ಚರಿಯಿಲ್ಲ. ಎಣ್ಣೆ, ತುಪ್ಪಗಳ ಅಣುಗಳಲ್ಲಿರುವುದೂ ಎಸ್ಟರ್ ಬಂಧವೇ.

ಹೊರಬಿದ್ದರೆ ಜೀರ್ಣವಾಗುವ ಗುಣ ಹೀಗೆ ದೊರೆಯಿತು. ಇದ್ದಲ್ಲೇ ನಿಲ್ಲುವ ಗುಣ ಬರುವುದು ಉದ್ದದಿಂದ. ಹುಲ್ಲಿನ ಹೊರೆಯೊಂದರಲ್ಲಿ ರಾಗಿಯ ಕಾಳು ಉಳಿದಿದ್ದರೆ, ಒಮ್ಮೆ ಜಾಡಿಸಿದರೆ ಉದುರುತ್ತದೆ. ಅದೇ ಹೊರೆಯಲ್ಲಿ ಉದ್ದನೆಯ ಹಗ್ಗವೊಂದು ಸಿಕ್ಕಿಕೊಂಡಿದ್ದರೆ ಎಷ್ಟು ಜಾಡಿಸಿದರೂ ಬೀಳದು. ಡಿ.ಇ.ಎಚ್.ಪಿ.ಯ ಸಣ್ಣ ಅಣು ರಾಗಿಯ ಕಾಳಿನಂತೆ. ಪಾಲಿಯೆಸ್ಟರಿನ ಸರಪಳಿ ಹಗ್ಗದಂತೆ. ಆದರೆ ಇದಕ್ಕೂ ಬೆಲೆ ತೆರಬೇಕು. ಹಗ್ಗ ಉದ್ದವಾದಷ್ಟೂ ತಾನೇ ಚುರುಕಾಗಿ ಅಲುಗದು. ತಾನು ಅಲುಗದೆ ಪಕ್ಕದ ಸರಪಳಿಗಳನ್ನು ಜಾರಿಸಲಾರದು. ಅಲ್ಲದೆ ನೇರವಾದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಸರಪಳಿಗಳ ಪ್ರಮಾಣ ಹೆಚ್ಚಾದರೆ, ಅವು ಸಾಲುಗೂಡಿ ಹರಳುಗಟ್ಟಿಕೊಂಡು ವಸ್ತುವನ್ನು ಪುನಃ ಗಡಸಾಗಿಸುತ್ತವೆ.

ಈ ತೊಡಕಿಗೆ ದೊರೆತ ಒಂದು ಪರಿಹಾರವೆಂದರೆ ಸರಪಳಿಗೆ ಕವಲುಗಳನ್ನು ಕೊಡುವುದು. ಕವಲೊಡೆದ ಅಣು ಹರಳುಗಟ್ಟಲು ಸಾಲುಗೂಡಲಾರದು. ಅದರ ಹಲವು ತುದಿಗಳು ಸದಾ ಅಲುಗುತ್ತಿರುತ್ತವೆ. ೨೦೦೭ರಲ್ಲಿ ದಕ್ಷಿಣ ಕೊರಿಯದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಚೋಯ್ ಮತ್ತು ಕ್ವಾಕ್ ಎಂಬ ಸಂಶೋಧಕರು, ಮರದಂತೆ ಮತ್ತೆ ಮತ್ತೆ ಕವಲೊಡೆದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಪಿ.ವಿ.ಸಿ.ಯನ್ನು ಮೆತ್ತಗಾಗಿಸಿ, ಕಠಿಣ ಪರೀಕ್ಷೆಗಳಲ್ಲಿಯೂ ಹೊರಬರದೆ ನಿಂತುದನ್ನು ವರದಿ ಮಾಡಿದರು. ಅದೇ ಕಾಲದಲ್ಲಿ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ರಾಯಲ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಲಿಂಡ್‌ಸ್ಟ್ರೋಮ್ ಮತ್ತು ಹಕ್ಕರೈನೆನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಪಾಲಿಬ್ಯುಟಿಲೀನ್ ಅಡಿಪೇಟ್ ಎಂಬ ಇನ್ನೊಂದು ಪಾಲಿಯೆಸ್ಟರನ್ನು ಪರೀಕ್ಷಿಸಿದರು. ಕವಲುಗಳು ಮಿತಿಮೀರಿದರೂ ಫಲ ಕುಂದುತ್ತದೆ, ತುದಿಗಳನ್ನು ನೀರು ಸುಲಭವಾಗಿ ಮುರಿಯದಂತೆ ಮುಚ್ಚಿದರೆ ಬಾಳಿಕೆ ಹೆಚ್ಚುತ್ತದೆ ಎಂಬುದು ಅವರ ಕೆಲಸದಿಂದ ತಿಳಿದುಬಂದಿತು. ಕವಲಿಗೂ ಒಂದು ಹದವಿದೆ.

ಇಷ್ಟಾದ ಮೇಲೂ ಕೆಲವು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸೂಕ್ಷ್ಮಜೀವಿಗೆ ಆಹಾರವಾಗಬಲ್ಲದ್ದು, ಬಳಕೆಯಲ್ಲಿರುವಾಗಲೇ ಆಹಾರವಾಗಿಬಿಡುವ ಅಪಾಯವೂ ಉಂಟು. ತೇವದಲ್ಲಿ ಇಟ್ಟ ಮೆತ್ತನೆಯ ಪಿ.ವಿ.ಸಿ. ಪರದೆಗಳ ಮೇಲೆ ಬೂಷ್ಟು ಹಿಡಿಯುವುದಕ್ಕೆ ಅವುಗಳೊಳಗಿನ ಮೃದುಕಾರಿ ಒಂದು ಕಾರಣ. ನೀರು ಪಾಲಿಯೆಸ್ಟರಿನ ಸರಪಳಿಯನ್ನು ತುಂಡರಿಸಿದರೆ, ಆ ಸಣ್ಣ ತುಂಡುಗಳು ಮತ್ತೆ ರಾಗಿಯ ಕಾಳುಗಳಂತೆ ಉದುರತೊಡಗುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮೃದುಕಾರಿ ಮಣ್ಣಿನಲ್ಲಿ ಜೀರ್ಣವಾಗುತ್ತದೆ ಎಂದ ಮಾತ್ರಕ್ಕೆ ಪಿ.ವಿ.ಸಿ. ಜೀರ್ಣವಾಗುವುದಿಲ್ಲ. ಅದರ ಕ್ಲೋರಿನ್ ತುಂಬಿದ ಸರಪಳಿ ಮಣ್ಣಿನಲ್ಲಿ ಹಾಗೆಯೇ ಬಿದ್ದಿರುತ್ತದೆ. ಬಯಲಿನಲ್ಲಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನೂ, ಡಯಾಕ್ಸಿನ್ ಎಂಬ ಘೋರ ವಿಷವನ್ನೂ ಹೊರಗೆಡಹುತ್ತದೆ. ಮನೆಯ ಯಜಮಾನ ಒಳ್ಳೆಯವನಲ್ಲದಿದ್ದರೆ ಅತಿಥಿ ಒಳ್ಳೆಯವನೆಂದು ಮನೆಯನ್ನು ಹೊಗಳಲಾಗದು. 'ಪರಿಸರಕ್ಕೆ ಹಿತ' ಎಂಬ ಚೀಟಿ ಅಂಟಿಸಿದ ಸಾಮಾನನ್ನು ಕಂಡಾಗ, ಅದರ ಯಾವ ಭಾಗ ಹಿತ, ಯಾವ ಭಾಗ ಅಲ್ಲ ಎಂದು ಕೇಳುವ ವಿವೇಕ ನಮ್ಮಲ್ಲಿರಬೇಕು.

ಹಾಗಾದರೆ ಈ ಪಾಲಿಯೆಸ್ಟರುಗಳಿಂದ ಆಗುವ ಲಾಭವೇನು? ಮಗು ಚೀಪುವ ಆಟಿಕೆಯಿಂದ, ರೋಗಿಯ ತೋಳಿಗೆ ಸೇರಿಸಿದ ನಳಿಕೆಯಿಂದ ದೇಹದೊಳಕ್ಕೆ ಬೇಡದ ದ್ರವ್ಯ ಇಳಿಯುವುದನ್ನು ತಗ್ಗಿಸುವುದು ಅಲ್ಪ ಲಾಭವೇನಲ್ಲ. ಪೂರ್ಣ ಪರಿಹಾರ ದೊರೆಯುವವರೆಗೆ ಕೇಡನ್ನು ಕಡಿಮೆ ಮಾಡುವುದೂ ವಿಜ್ಞಾನದ ಧರ್ಮವೇ. ನಮ್ಮ ಮಟ್ಟಿಗೆ ನಾವು ಮಾಡಬಹುದಾದ ಕೆಲಸಗಳೂ ಇವೆ. ಗುರುತಿಲ್ಲದ ಮೆತ್ತನೆಯ ಪ್ಲಾಸ್ಟಿಕ್ ಆಟಿಕೆಯನ್ನು ಎಳೆಯ ಮಗುವಿನ ಬಾಯಿಗೆ ಕೊಡಬಾರದು. ಬಿಸಿಯಾದ ಅಥವಾ ಎಣ್ಣೆಯುಳ್ಳ ತಿನಿಸನ್ನು ಮೆತ್ತನೆಯ ಪಿ.ವಿ.ಸಿ.ಯಲ್ಲಿ ಕಟ್ಟಿಡಬಾರದು. ಹಳೆಯ ತಂತಿಯ ಹೊದಿಕೆಯನ್ನು ಸುಟ್ಟು ತಾಮ್ರ ತೆಗೆಯುವವರನ್ನು ಕಂಡರೆ, ಆ ಹೊಗೆಯಲ್ಲಿ ಏನಿದೆಯೆಂಬುದನ್ನು ತಿಳಿಸಿ ಹೇಳಬೇಕು.

ಸೆಮನ್ ತನ್ನ ಪಾತ್ರೆಯೊಳಗಿನ ವಸ್ತುವನ್ನು ಕಂಡಾಗ ಅದು ಬಾಗುತ್ತದೆಯೇ, ನೀರನ್ನು ತಡೆಯುತ್ತದೆಯೇ ಎಂದು ಕೇಳಿದನು. ಅಂದಿನ ಕಾಲಕ್ಕೆ ಅವು ತಕ್ಕ ಪ್ರಶ್ನೆಗಳೇ. ಇಂದು ಹೊಸ ವಸ್ತುವನ್ನು ರೂಪಿಸುವವರು ಇನ್ನೂ ಎರಡು ಪ್ರಶ್ನೆಗಳನ್ನು ಕೇಳಬೇಕಾಗಿದೆ: ಇದರಿಂದ ಏನು ಹೊರಬರುತ್ತದೆ? ಹೊರಬಂದುದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರ ಸಾಲಿನಲ್ಲಿ ನಾಳೆ ನಿಮ್ಮಲ್ಲಿ ಕೆಲವರಾದರೂ ಇರಬೇಕು.

ಅಭ್ಯಾಸ

೧. ಕುಂಬಾರನ ನೀರಿಗೂ ಪ್ಲಾಸ್ಟಿಕ್ಕಿನ ಮೃದುಕಾರಿಗೂ ಇರುವ ಹೋಲಿಕೆಯೇನು?
೨. ವಾಲ್ಡೋ ಸೆಮನ್ ಹುಡುಕಿದ್ದೇನು? ಅವನಿಗೆ ದೊರೆತದ್ದೇನು?
೩. ರಕ್ತದ ಚೀಲಗಳಿಂದ ಡಿ.ಇ.ಎಚ್.ಪಿ.ಯನ್ನು ತೆಗೆದುಹಾಕುವುದು ಏಕೆ ಸುಲಭವಾಗಲಿಲ್ಲ?
೪. 'ಅಂದು ದೋಷವೆನಿಸಿದ ಅದೇ ಸ್ವಭಾವ ಮುಂದೆ ಗುಣವೆನಿಸಿತು.' ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
೫. ಸರಪಳಿಗೆ ಕವಲುಗಳಿದ್ದರೆ ಆಗುವ ಅನುಕೂಲವೇನು? ಅವು ಮಿತಿಯಲ್ಲಿರಬೇಕು ಏಕೆ?
೬. ಮೃದುಕಾರಿ ಜೀರ್ಣವಾಗುವಂಥದಾದರೂ ಪಿ.ವಿ.ಸಿ.ಯನ್ನು ಪರಿಸರಕ್ಕೆ ಹಿತವೆನ್ನಲಾಗದು. ಕಾರಣ ಬರೆಯಿರಿ.